ಎಡಗಡೆ ಮುಂದಿನ ಚಕ್ರ, ಮೂರು ಸದ್ದು, ಮೂರು ಭಾನುವಾರ

ಒಂಬತ್ತು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಓಡಿರುವುದು 78,000 ಕಿಲೋಮೀಟರ್. ಎಂಜಿನ್ ಚೆನ್ನಾಗಿದೆ, ಗೇರ್ ಸಲೀಸಾಗಿ ಬೀಳುತ್ತದೆ. ಆದರೆ ಎಡಗಡೆ ಮುಂದಿನ ಚಕ್ರದ ಹತ್ತಿರ ಮಾತ್ರ ಮೂರು ಥರದ ಸದ್ದು ಶುರುವಾಗಿತ್ತು. ಬ್ರೇಕ್ ಒತ್ತಿದರೆ ಕರಕರ ಉಜ್ಜುವ ಸದ್ದು. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಹೊರಟರೆ ಟಕ್ ಟಕ್ ಟಕ್. ಗುಂಡಿಗೆ ಇಳಿದರೆ ಡಬಕ್ ಅಂತ ಕಾಲ ಕೆಳಗೆ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಐದು ನಿಮಿಷ ಓಡಿಸಿ ನೋಡಿ, "ಸಸ್ಪೆನ್ಷನ್ ಹೋಗಿದೆ, ಆಕ್ಸಲ್ ಹೋಗಿದೆ, ಎಲ್ಲಾ ಚೇಂಜ್ ಮಾಡ್ಬೇಕು" ಅಂದರು. ಸಸ್ಪೆನ್ಷನ್ ಅಂದರೆ ಅದರಲ್ಲಿ ಯಾವ ಪಾರ್ಟ್ ಅಂತ ಕೇಳಿದೆ. ಪೂರ್ತಿ ಸೆಟ್ಟು, ಅಂದರು. ಆ ಉತ್ತರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಸಸ್ಪೆನ್ಷನ್ ಅನ್ನುವುದು ಒಂದು ಪಾರ್ಟ್ ಅಲ್ಲ, ಹತ್ತಾರು ಪಾರ್ಟ್‌ಗಳ ಸಂಸಾರ. ಅದರಲ್ಲಿ ಯಾರಿಗೆ ಹುಷಾರಿಲ್ಲ ಅಂತ ಗೊತ್ತಾಗದೆ ಎಲ್ಲರಿಗೂ ಆಪರೇಷನ್ ಮಾಡಿಸುವುದು ಹೇಗೆ?

ಹಾಗಾಗಿ ಮೂರು ಭಾನುವಾರ ಕೂತು ನಾನೇ ಬಿಚ್ಚಿದೆ. ಒಂದೊಂದು ಪಾರ್ಟ್ ಕೈಗೆ ಬಂದಾಗ ಅದರ ಹೆಸರು, ಅದು ಮಾಡುವ ಕೆಲಸ, ಅದು ಕೆಟ್ಟರೆ ಮಾಡುವ ಸದ್ದು, ಮೂರನ್ನೂ ಬರೆದುಕೊಂಡೆ. ಹೆಸರುಗಳನ್ನು ಸುಮ್ನೆ ಪಟ್ಟಿ ಓದಿ ಕಲಿಯಲು ನಾನು ಹಿಂದೆ ಪ್ರಯತ್ನ ಪಟ್ಟಿದ್ದೆ, ಒಂದೂ ತಲೆಯಲ್ಲಿ ಉಳಿದಿರಲಿಲ್ಲ. ಕೈಗೆ ಗ್ರೀಸ್ ಮೆತ್ತಿಕೊಂಡು ಕಲಿತದ್ದು ಹೋಗುವುದಿಲ್ಲ.

ಬಿಚ್ಚುವ ಮುಂಚೆ ಕೇಳಿದ್ದು

ಮೊದಲು ಮಾಡಿದ ಕೆಲಸಕ್ಕೆ ಸ್ಪ್ಯಾನರ್ ಬೇಕಾಗಲಿಲ್ಲ. ತಂಗಿಯನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಖಾಲಿ ಜಾಗದಲ್ಲಿ ನಿಧಾನಕ್ಕೆ ಸುತ್ತು ಹೊಡೆಸಿದೆ. ನಾನು ಪಕ್ಕದ ಸೀಟಿನಲ್ಲಿ ಕಿಟಕಿ ಇಳಿಸಿಕೊಂಡು ಕಿವಿ ಹೊರಗಿಟ್ಟೆ.

"ಅಣ್ಣಾ, ಬಲಕ್ಕೆ ತಿರುಗಿಸಿದ್ರೆ ಮಾತ್ರ ಬರ್ತಿದೆ. ಎಡಕ್ಕೆ ಇಲ್ವೇ ಇಲ್ಲ" ಅಂದಳು. "ಜೋರಾಗಿ ಹೋದ್ರೆ ಟಕ್ ಟಕ್ ಅನ್ನೋದೂ ಬೇಗ ಬೇಗ ಆಗುತ್ತೆ."

ಇದರಲ್ಲೇ ಅರ್ಧ ಉತ್ತರ ಇತ್ತು. ವೇಗದ ಜೊತೆ ಸದ್ದೂ ಬೇಗ ಆದರೆ ಅದು ಚಕ್ರದ ಜೊತೆ ಸುತ್ತುವ ಯಾವುದೋ ಪಾರ್ಟ್. ಬಲಕ್ಕೆ ತಿರುಗುವಾಗ ಹೊರಗಡೆ ಇರುವುದು ಎಡ ಚಕ್ರ, ಹೆಚ್ಚು ಭಾರ ಬೀಳುವುದೂ ಅದರ ಮೇಲೆ. ಗುಂಡಿಯ ಸದ್ದಿನಲ್ಲೂ ಒಂದು ವಿಚಿತ್ರ ಕಂಡಿತು. ರಸ್ತೆಗೆ ಅಡ್ಡಲಾಗಿರುವ ಉಬ್ಬನ್ನು ಎರಡೂ ಚಕ್ರ ಒಟ್ಟಿಗೆ ಹತ್ತಿ ಇಳಿದರೆ ಸದ್ದೇ ಇಲ್ಲ. ಒಂದು ಚಕ್ರ ಮಾತ್ರ ಗುಂಡಿಗೆ ಬಿದ್ದರೆ ಡಬಕ್. ಇದು ಯಾಕೆ ಅಂತ ಆಗ ಗೊತ್ತಿರಲಿಲ್ಲ, ಮೂರನೇ ವಾರ ಗೊತ್ತಾಯಿತು.

ಸದ್ದು ಹೇಗಿದೆ ಅಂತ ಬಾಯಲ್ಲಿ ಅನುಕರಿಸಿ ತೋರಿಸುವುದು ಕಷ್ಟ. ಯಾವಾಗ ಬರುತ್ತದೆ ಅಂತ ಹೇಳುವುದು ಸುಲಭ, ಕೆಲಸಕ್ಕೂ ಜಾಸ್ತಿ ಬರುತ್ತದೆ. ಬ್ರೇಕ್ ಒತ್ತಿದಾಗಲಾ, ತಿರುಗಿಸಿದಾಗಲಾ, ಗುಂಡಿಗೆ ಬಿದ್ದಾಗಲಾ? ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಇದ್ದರೆ ಹುಡುಕುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ.

ಮೊದಲ ಭಾನುವಾರ: ಬ್ರೇಕ್

ಕಾರು ಸಮತಟ್ಟು ನೆಲದಲ್ಲಿ. ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದೆ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಆದ್ದರಿಂದ ಮುಂದೆ ಎತ್ತುವಾಗ ಅದು ಉಪಯೋಗಕ್ಕೆ ಬರುತ್ತದೆ. ಹಿಂದೆ ಎತ್ತುವಾಗ ಅದನ್ನು ನಂಬಬೇಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲ ಮಾಡಿ, ಆಮೇಲೆ ಜಾಕ್ ಏರಿಸಿ, ಅದರ ಪಕ್ಕ ಸ್ಟ್ಯಾಂಡ್ ಕೊಟ್ಟು, ಭಾರವನ್ನು ಸ್ಟ್ಯಾಂಡ್ ಮೇಲೆ ಇಳಿಸಿದೆ. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಕೈ ಹಾಕುವುದನ್ನು ನಾನು ಯಾವತ್ತೂ ಮಾಡುವುದಿಲ್ಲ, ನೀವೂ ಮಾಡಬೇಡಿ. ಬಿಚ್ಚಿದ ಚಕ್ರವನ್ನೂ ಅಡಿಗೆ ತಳ್ಳಿಟ್ಟೆ. ಸ್ಟ್ಯಾಂಡ್ ಜಾರಿದರೂ ಕಾರು ಚಕ್ರದ ಮೇಲೆ ಕೂರುತ್ತದೆ.

ಚಕ್ರ ತೆಗೆದಾಗ ಎದುರಿಗೆ ಕಾಣುವ ಜಾಗವನ್ನು ಮೊದಲು ಸುಮ್ನೆ ನೋಡುತ್ತಾ ಕೂತೆ. ಮಧ್ಯದಲ್ಲಿ ಚಕ್ರದ ಜೊತೆ ಸುತ್ತುವುದು ಹಬ್. ಅದರ ಮೇಲೆ ತಟ್ಟೆಯ ಹಾಗೆ ಕೂತಿರುವುದು ಡಿಸ್ಕ್. ಹಬ್‌ನ ಹಿಂದೆ, ಸುತ್ತದೆ ಹಾಗೇ ನಿಂತಿರುವ ದಪ್ಪ ಕಬ್ಬಿಣದ ತುಂಡಿಗೆ ನಕಲ್ ಅಂತ ಹೆಸರು. ಇಂಗ್ಲಿಷಿನಲ್ಲಿ ಆ ಪದದ ಅರ್ಥ ಬೆರಳಿನ ಗೆಣ್ಣು. ಹೆಸರು ಎಷ್ಟು ಸರಿಯಾಗಿದೆ ನೋಡಿ. ಗೆಣ್ಣಿನ ಹಾಗೆ ಇದು ಕೂಡ ಹಲವು ದಿಕ್ಕಿನಿಂದ ಬಂದ ಪಾರ್ಟ್‌ಗಳು ಸೇರುವ ಗಂಟು. ಮೇಲಿನಿಂದ ಸ್ಪ್ರಿಂಗ್ ಸಮೇತ ಸ್ಟ್ರಟ್, ಅಂದರೆ ಶಾಕ್ ಅಬ್ಸಾರ್ಬರ್ ಇರುವ ಕಂಬ, ಬಂದು ಸೇರುತ್ತದೆ. ಕೆಳಗಿನಿಂದ ಲೋವರ್ ಆರ್ಮ್, ಚಕ್ರವನ್ನು ಕಾರಿಗೆ ಹಿಡಿದಿರುವ ತೋಳು. ಪಕ್ಕದಿಂದ ಸ್ಟೇರಿಂಗ್‌ನ ಟೈ ರಾಡ್, ಚಕ್ರವನ್ನು ಎಡಬಲ ತಿರುಗಿಸುವ ಕಡ್ಡಿ. ನಟ್ಟನಡುವೆ ತೂತಿನಲ್ಲಿ ಬೇರಿಂಗ್, ಬೇರಿಂಗ್ ಒಳಗೆ ಹಬ್. ನಕಲ್ ಸುತ್ತುವುದಿಲ್ಲ, ಎಡಕ್ಕೆ ಬಲಕ್ಕೆ ತಿರುಗುತ್ತದೆ ಅಷ್ಟೇ. ಹಬ್ ಸುತ್ತುತ್ತದೆ. ಈ ವ್ಯತ್ಯಾಸ ಒಂದು ಕಣ್ಣಿಗೆ ಬಿದ್ದರೆ ಉಳಿದ ಹೆಸರುಗಳು ತಾವಾಗಿಯೇ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ.

ಡಿಸ್ಕನ್ನು ಎರಡು ಬದಿಯಿಂದ ಹಿಡಿದು ಕೂತಿರುವುದು ಕ್ಯಾಲಿಪರ್. ಅಳತೆ ಮಾಡುವ ವರ್ನಿಯರ್ ಕ್ಯಾಲಿಪರ್ ಗೊತ್ತಲ್ವಾ, ಅದೇ ಪದ. ಎರಡೂ ವಸ್ತುವನ್ನು ಎರಡು ಕಡೆಯಿಂದ ಹಿಡಿಯುತ್ತವೆ. ಕೆಳಗಿನ ಬೋಲ್ಟ್ ಒಂದನ್ನು ಬಿಚ್ಚಿದರೆ ಕ್ಯಾಲಿಪರ್ ಬಾಗಿಲಿನ ಹಾಗೆ ಮೇಲಕ್ಕೆ ತೆರೆದುಕೊಳ್ಳುತ್ತದೆ. ಒಳಗೆ ಎರಡು ಪ್ಯಾಡ್. ಹೊರಗಡೆಯ ಪ್ಯಾಡ್‌ನಲ್ಲಿ 7 ಮಿಲಿಮೀಟರ್ ಉಳಿದಿತ್ತು. ಒಳಗಡೆಯದರಲ್ಲಿ 2. ಕರಕರ ಸದ್ದು ಬರುತ್ತಿದ್ದದ್ದು ಒಳಗಿನ ಪ್ಯಾಡ್‌ಗೆ ಅಂಟಿಸಿದ ತೆಳು ಲೋಹದ ನಾಲಿಗೆಯಿಂದ. ಪ್ಯಾಡ್ ಸವೆದಾಗ ಡಿಸ್ಕ್‌ಗೆ ತಾಗಿ ಕಿರುಚಲಿ ಅಂತಲೇ ಅದನ್ನು ಅಲ್ಲಿಟ್ಟಿರುತ್ತಾರೆ.

ಇಲ್ಲಿ ಹೊಸ ಪ್ಯಾಡ್ ಹಾಕಿ ಮುಚ್ಚಿಬಿಡಬಹುದಿತ್ತು. ಸದ್ದು ನಿಲ್ಲುತ್ತಿತ್ತು. ಆದರೆ ಒಂದೇ ಕ್ಯಾಲಿಪರ್‌ನ ಎರಡು ಪ್ಯಾಡ್‌ಗಳಲ್ಲಿ 5 ಮಿಲಿಮೀಟರ್ ವ್ಯತ್ಯಾಸ ಯಾಕೆ ಬಂತು?

ಇದಕ್ಕೆ ಕ್ಯಾಲಿಪರ್ ಕೆಲಸ ಮಾಡುವ ರೀತಿ ತಿಳಿಯಬೇಕು. ನನ್ನ ಕಾರಿನಲ್ಲಿರುವುದು ಫ್ಲೋಟಿಂಗ್ ಕ್ಯಾಲಿಪರ್, ಹೆಚ್ಚಿನ ಸಣ್ಣ ಕಾರುಗಳಲ್ಲಿ ಇರುವುದೂ ಅದೇ. ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಬ್ರೇಕ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ತಳ್ಳುತ್ತದೆ. ಪ್ಯಾಡ್ ಡಿಸ್ಕ್‌ಗೆ ಒತ್ತಿಕೊಂಡ ಮೇಲೆ ಪಿಸ್ಟನ್‌ಗೆ ಮುಂದೆ ಹೋಗಲು ಜಾಗ ಇಲ್ಲ, ಆಗ ಅದೇ ಒತ್ತಡಕ್ಕೆ ಇಡೀ ಕ್ಯಾಲಿಪರ್ ಹಿಂದಕ್ಕೆ ಸರಿದು ಹೊರಗಿನ ಪ್ಯಾಡನ್ನು ತನ್ನ ಜೊತೆ ಎಳೆದುಕೊಂಡು ಬಂದು ಡಿಸ್ಕ್‌ನ ಆಚೆ ಬದಿಗೆ ಒತ್ತುತ್ತದೆ. ಅಂದರೆ ಕ್ಯಾಲಿಪರ್ ಸರಿಯಲೇಬೇಕು. ಅದು ಸರಿಯುವುದು ಎರಡು ನುಣುಪಾದ ಕಬ್ಬಿಣದ ಕಡ್ಡಿಗಳ ಮೇಲೆ. ಅವೇ ಸ್ಲೈಡ್ ಪಿನ್.

ಮೇಲಿನ ಪಿನ್ ಬೆರಳಿನಲ್ಲೇ ಸರಿಯಿತು. ಕೆಳಗಿನದು ಕಲ್ಲಿನಂತೆ ಕೂತಿತ್ತು.

ತುಕ್ಕು ಬಿಡಿಸುವ ಎಣ್ಣೆ ಹೊಡೆದು ಅರ್ಧ ಗಂಟೆ ಬಿಟ್ಟೆ. ಎಳೆದರೆ ಬರಲಿಲ್ಲ. ಸ್ಪ್ಯಾನರ್ ಹಾಕಿ ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ತಿರುಗಿಸುತ್ತಾ ತಿರುಗಿಸುತ್ತಾ ಹೊರಗೆಳೆದೆ. ಪಿನ್‌ನ ಮೇಲಿನ ರಬ್ಬರ್ ಬೂಟಿನಲ್ಲಿ (ನೀರು, ಧೂಳು ಹೋಗದಂತೆ ಮುಚ್ಚುವ ಗವಸು) ಉಗುರು ತೂರುವಷ್ಟು ಸೀಳು ಇತ್ತು. ಅಲ್ಲಿಂದ ನೀರು ಒಳಗೆ ಹೋಗಿ, ಗ್ರೀಸ್ ಒಣಗಿ ಕಂದು ಅಂಟಾಗಿ, ಪಿನ್‌ನ ತುದಿಯಲ್ಲಿ ತುಕ್ಕಿನ ಉಂಗುರ ಕಟ್ಟಿತ್ತು. ಅಷ್ಟೇ ಸಮಸ್ಯೆ. ಬೆರಳುದ್ದದ ಕಡ್ಡಿ, ಒಂದು ಸೀಳು. ಕ್ಯಾಲಿಪರ್ ಸರಿಯುವುದು ನಿಂತಿತು, ಒಳಗಿನ ಪ್ಯಾಡ್ ಒಂದೇ ಎಲ್ಲಾ ಕೆಲಸ ಮಾಡಿತು, ಬ್ರೇಕ್ ಬಿಟ್ಟ ಮೇಲೂ ಅದು ಪೂರ್ತಿ ಬಿಡಲಿಲ್ಲ. ದೂರ ಓಡಿಸಿ ಬಂದಾಗ ಎಡಗಡೆಯ ರಿಮ್ ಮಾತ್ರ ಯಾಕೆ ಅಷ್ಟು ಬಿಸಿ ಇರುತ್ತಿತ್ತು ಅಂತ ಈಗ ಅರ್ಥವಾಯಿತು.

ಪಿನ್ನನ್ನು ನುಣುಪು ಎಮರಿ ಪೇಪರ್‌ನಲ್ಲಿ ಉಜ್ಜಿದೆ, ತೂತನ್ನು ಬ್ರೇಕ್ ಕ್ಲೀನರ್ ಮತ್ತು ಬಟ್ಟೆಯಲ್ಲಿ ಒರೆಸಿದೆ. ಹೊಸ ಬೂಟ್. ಇಲ್ಲಿ ಸಿಲಿಕೋನ್ ಗ್ರೀಸೇ ಬೇಕು. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ತೆಳುವಾಗಿ ಸವರಿ ಒಳಗೆ ತಳ್ಳಿದೆ, ಕೈ ಬಿಟ್ಟ ತಕ್ಷಣ ಪಿನ್ ಅರ್ಧ ಇಂಚು ವಾಪಸ್ ಬಂತು. ಮತ್ತೆ ತಳ್ಳಿದೆ, ಮತ್ತೆ ಬಂತು. ಒಳಗೆ ಗಾಳಿ ಸಿಕ್ಕಿಕೊಂಡಿತ್ತು. ಬೂಟಿನ ಅಂಚನ್ನು ಸ್ವಲ್ಪ ಎತ್ತಿ ಹಿಡಿದು ತಳ್ಳಿದಾಗ ಪುಸ್ ಅಂತ ಗಾಳಿ ಹೋಗಿ ಪಿನ್ ನೆಟ್ಟಗೆ ಕೂತಿತು. ಇನ್ನೊಂದು ಮಾತು: ಮೇಲಿನ ಪಿನ್, ಕೆಳಗಿನ ಪಿನ್ ನೋಡಲು ಒಂದೇ ಥರ ಇದ್ದರೂ ಎಷ್ಟೋ ಕಾರುಗಳಲ್ಲಿ ಬೇರೆ ಬೇರೆ. ಒಂದರ ತುದಿಗೆ ರಬ್ಬರ್ ತೋಳು ಇರುತ್ತದೆ. ಬಿಚ್ಚುವಾಗಲೇ ಗುರುತು ಮಾಡಿ.

ಪಿಸ್ಟನ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬ್ರೇಕ್ ಬಿಟ್ಟಾಗ ಪಿಸ್ಟನ್ ಹಿಂದಕ್ಕೆ ಬರುತ್ತದಲ್ಲ, ಅದನ್ನು ಎಳೆಯುವ ಸ್ಪ್ರಿಂಗ್ ಎಲ್ಲಿದೆ ಅಂತ ನಾನು ತುಂಬಾ ಹೊತ್ತು ಹುಡುಕಿದೆ. ಸ್ಪ್ರಿಂಗೇ ಇಲ್ಲ! ಪಿಸ್ಟನ್ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲ್ ಒಂದೇ ಆ ಕೆಲಸ ಮಾಡುತ್ತದೆ. ಪಿಸ್ಟನ್ ಮುಂದೆ ಹೋಗುವಾಗ ಸೀಲ್ ಅದಕ್ಕೆ ಅಂಟಿಕೊಂಡು ಸ್ವಲ್ಪ ಬಾಗುತ್ತದೆ, ಒತ್ತಡ ಹೋದ ಕೂಡಲೇ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಪ್ಯಾಡ್ ಡಿಸ್ಕ್‌ನಿಂದ ಬಿಡಲು ಅಷ್ಟು ಸಾಕು. ಪ್ಯಾಡ್ ಸವೆದಂತೆ ಪಿಸ್ಟನ್ ಸೀಲ್‌ನ ಮೇಲೆ ಜಾರಿ ತಾನೇ ಮುಂದೆ ಬಂದು ಕೂರುತ್ತದೆ. ಒಂದು ರಬ್ಬರ್ ಉಂಗುರ ಸೋರದಂತೆ ತಡೆಯುತ್ತದೆ, ಹಿಂದಕ್ಕೆ ಎಳೆಯುತ್ತದೆ, ಸವೆತಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತದೆ. ಇದನ್ನು ಯೋಚಿಸಿದವರಿಗೆ ಕೈ ಮುಗಿಯಬೇಕು ಅನ್ನಿಸಿತು.

ಹೊಸ ಪ್ಯಾಡ್ ದಪ್ಪ, ಆದ್ದರಿಂದ ಪಿಸ್ಟನ್ನನ್ನು ಒಳಗೆ ತಳ್ಳಬೇಕು. ಹಳೆಯ ಪ್ಯಾಡ್ ಅಡ್ಡ ಇಟ್ಟು ಸಿ ಕ್ಲಾಂಪ್‌ನಲ್ಲಿ ನಿಧಾನಕ್ಕೆ ಒತ್ತಿದೆ. ಆಗ ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಏರುತ್ತದೆ, ಅದರ ಮೇಲೆ ಕಣ್ಣಿಡಬೇಕು. ಪ್ಯಾಡ್ ಸವೆದಾಗ ಆ ಮಟ್ಟ ಇಳಿದಿರುತ್ತದೆ ಅನ್ನುವುದನ್ನೂ ನೆನಪಿಡಿ. ಮಟ್ಟ ಕಡಿಮೆಯಾಗಿದೆ ಅಂತ ಯಾರಾದರೂ ಮಧ್ಯೆ ತುಂಬಿಸಿದ್ದರೆ ಈಗ ಉಕ್ಕಿ ಪೇಂಟ್ ಮೇಲೆ ಚೆಲ್ಲುತ್ತದೆ, ಪೇಂಟ್ ಎದ್ದುಬರುತ್ತದೆ.

ಬ್ರೇಕ್ ಆಯಿಲ್ ಅಂತ ನಾವೆಲ್ಲ ಹೇಳುತ್ತೇವೆ, ಡಬ್ಬದ ಮೇಲೆ ಬ್ರೇಕ್ ಫ್ಲೂಯಿಡ್ ಅಂತ ಬರೆದಿರುತ್ತದೆ. ಈ ಒಂದು ವಿಷಯದಲ್ಲಿ ಬಾಯಿಮಾತಿನ ಹೆಸರು ಅಪಾಯ. ಅದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಆಯಿಲ್ ಅಂದುಕೊಂಡು ಎಂಜಿನ್ ಆಯಿಲ್ ಒಂದಿಷ್ಟು ಸುರಿದರೆ ಬ್ರೇಕ್‌ನ ರಬ್ಬರ್ ಸೀಲ್‌ಗಳೆಲ್ಲ ಊದಿಕೊಂಡು ಹಾಳಾಗುತ್ತವೆ. ಗ್ಲೈಕಾಲ್ ದ್ರವ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇವು 205 ಮತ್ತು 140. ಕುದಿದರೆ ಆವಿಯ ಗುಳ್ಳೆ, ಗುಳ್ಳೆ ಇದ್ದರೆ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹೆಸರಿನಲ್ಲಿ ಇನ್ನೊಂದು ಗೊಂದಲವೂ ಇದೆ: ಡಾಟ್ 5 ಸಿಲಿಕೋನ್ ದ್ರವ, ಬೇರೆಯದರ ಜೊತೆ ಬೆರೆಸಬಾರದು. ಡಾಟ್ 5.1 ಮತ್ತೆ ಗ್ಲೈಕಾಲ್. ಒಂದು ಚುಕ್ಕಿಯ ವ್ಯತ್ಯಾಸ ನೋಡಿ.

ನನ್ನದು ಕಷಾಯದ ಬಣ್ಣಕ್ಕೆ ತಿರುಗಿತ್ತು, ಹೊಸದು ಹಾಕಿದೆ. ತಂಗಿ ಪೆಡಲ್ ಮೇಲೆ, ನಾನು ಕ್ಯಾಲಿಪರ್‌ನ ನಿಪ್ಪಲ್ (ಹಳೆಯ ದ್ರವ ಹೊರಬಿಡುವ ಸಣ್ಣ ತಿರುಪು) ಹತ್ತಿರ. "ಒತ್ತು. ಹಿಡ್ಕೋ." ನಿಪ್ಪಲ್ ತೆರೆದು, ದ್ರವ ಪೈಪಿನಲ್ಲಿ ಬಂದು, ಮತ್ತೆ ಮುಚ್ಚಿದ ಮೇಲೆ "ಈಗ ಬಿಡು." ಮುಚ್ಚುವ ಮುಂಚೆ ಪೆಡಲ್ ಬಿಟ್ಟರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ನಾಲ್ಕೂ ಚಕ್ರಕ್ಕೆ ಹೀಗೆ ಮಾಡುವಷ್ಟರಲ್ಲಿ "ಅಣ್ಣಾ, ಕಾಲು ಬಿದ್ದೋಯ್ತು" ಅಂದಳು.

ಡಿಸ್ಕ್‌ನ ಅಂಚಿನಲ್ಲಿ ಕನಿಷ್ಠ ದಪ್ಪ 20 ಅಂತ ಕೊರೆದಿತ್ತು. ವರ್ನಿಯರ್ ಹಾಕಿದರೆ ಅಂಚಿನಲ್ಲಿ ಸವೆಯದೆ ಉಳಿದ ಏಣು ಅಡ್ಡ ಬಂದು ಜಾಸ್ತಿ ತೋರಿಸುತ್ತದೆ. ಆದ್ದರಿಂದ ಎರಡೂ ಬದಿಗೆ ಒಂದೊಂದು ವಾಷರ್ ಇಟ್ಟು ಅಳೆದು, ಆಮೇಲೆ ವಾಷರ್‌ಗಳ ದಪ್ಪ ಕಳೆದೆ. 20.9 ಬಂತು. ಡಿಸ್ಕ್ ಇರಲಿ. ಪ್ಯಾಡ್ ಮಾತ್ರ ಬಲಗಡೆಗೂ ಹೊಸದು ಹಾಕಿದೆ, ಒಂದು ಕಡೆ ಹೊಸದು ಒಂದು ಕಡೆ ಹಳೆಯದು ಇದ್ದರೆ ಬ್ರೇಕ್ ಒತ್ತಿದಾಗ ಕಾರು ಪಕ್ಕಕ್ಕೆ ಎಳೆಯಬಹುದು. ಹೊರಡುವ ಮುಂಚೆ ಪೆಡಲನ್ನು ನಾಲ್ಕೈದು ಸಲ ಒತ್ತಲೇಬೇಕು. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ಸಲ ಪೆಡಲ್ ನೆಲದವರೆಗೂ ಹೋಗುತ್ತದೆ, ಅದು ರಸ್ತೆಯಲ್ಲಿ ಆಗಬಾರದು.

ಎರಡನೇ ಭಾನುವಾರ: ಆಕ್ಸಲ್ ಅಂತ ಅವರು ಅಂದದ್ದು

ಮೊದಲ ವಾರ ಚಕ್ರ ತೆಗೆದಾಗಲೇ ರಿಮ್‌ನ ಒಳಬದಿಯಲ್ಲಿ ಕಪ್ಪು ಗ್ರೀಸ್ ಚಿಮ್ಮಿದ ಗೆರೆ ಕಂಡಿತ್ತು. ಹಬ್‌ನ ಹಿಂದೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇದೆ. ಅದರ ಒಂದು ಮಡಿಕೆ ಸುತ್ತಲೂ ಸೀಳಿತ್ತು.

ಗ್ಯಾರೇಜಿನವರು ಆಕ್ಸಲ್ ಅಂದದ್ದಕ್ಕೆ ಸರಿಯಾದ ಹೆಸರು ಡ್ರೈವ್ ಶಾಫ್ಟ್. ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ತರುವ ಕಬ್ಬಿಣದ ಕಡ್ಡಿ. ಅದರ ಎರಡು ತುದಿಗೆ ಎರಡು ಕೀಲು, ಎರಡಕ್ಕೂ ಸಿವಿ ಜಾಯಿಂಟ್ ಅಂತಲೇ ಹೆಸರು, ಅಂದರೆ ಒಂದೇ ಸಮ ವೇಗದ ಕೀಲು. ಈ ಹೆಸರು ಯಾಕೆ ಬಂತು ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ. ಮುಂದಿನ ಚಕ್ರ ಒಂದೇ ಕಾಲಕ್ಕೆ ಸುತ್ತಬೇಕು, ಎಡಬಲ ತಿರುಗಬೇಕು, ಮೇಲೆ ಕೆಳಗೆ ಕುಣಿಯಬೇಕು. ನಡುವೆ ಒಂದು ಕೀಲು ಬೇಕೇ ಬೇಕು. ಲಾರಿಯ ಕೆಳಗೆ ಉದ್ದ ಶಾಫ್ಟ್‌ನಲ್ಲಿ ಕಾಣುವ ಶಿಲುಬೆ ಆಕಾರದ ಯೂನಿವರ್ಸಲ್ ಜಾಯಿಂಟ್ ಹಾಕಿದರೆ ಸಾಲದು. ಅದು ಬಾಗಿದಾಗ ಈ ಕಡೆ ಒಂದೇ ಸಮ ಸುತ್ತಿದರೂ ಆ ಕಡೆ ಒಂದೊಂದು ಸುತ್ತಿಗೆ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ಸುತ್ತುತ್ತದೆ. ಕೋನ ಜಾಸ್ತಿ ಆದಷ್ಟೂ ಈ ಏರಿಳಿತ ಜಾಸ್ತಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಕೈ ಅದುರುತ್ತದೆ. 1920ರ ದಶಕದಲ್ಲಿ ಆಲ್ಫ್ರೆಡ್ ರ್ಜೆಪ್ಪಾ ಎಂಬ ಎಂಜಿನಿಯರ್ ಇದಕ್ಕೆ ದಾರಿ ಕಂಡುಹಿಡಿದರು. ಒಳಗೊಂದು ಗುಂಡು, ಹೊರಗೊಂದು ಬಟ್ಟಲು, ಎರಡರಲ್ಲೂ ಕಾಲುವೆಯ ಹಾಗೆ ಕೊರೆದ ಆರು ತೋಡು, ನಡುವೆ ಆರು ಉಕ್ಕಿನ ಗೋಲಿ. ಕೀಲು ಎಷ್ಟೇ ಬಾಗಿದರೂ ಗೋಲಿಗಳು ಯಾವಾಗಲೂ ಆ ಕೋನದ ಸರಿಯಾಗಿ ಅರ್ಧದಲ್ಲಿ ನಿಲ್ಲುತ್ತವೆ. ಆದ್ದರಿಂದ ಎರಡೂ ಕಡೆ ಒಂದೇ ವೇಗ. 1959ರಲ್ಲಿ ಬಂದ ಮಿನಿ ಕಾರು ಇಂಥ ಕೀಲನ್ನು ಮುಂದಿನ ಚಕ್ರಗಳಿಗೆ ಹಾಕಿತು. ಇವತ್ತಿಗೂ ಮುಂದಿನ ಚಕ್ರ ಎಳೆಯುವ ಹೆಚ್ಚಿನ ಕಾರುಗಳಲ್ಲಿ ಹೊರಗಿನ ಕೀಲು ಇದೇ.

ಬಿಚ್ಚುವ ಕೆಲಸದಲ್ಲಿ ಕಷ್ಟದ್ದು ಹಬ್‌ನ ನಡುವಿನ ದೊಡ್ಡ ನಟ್ಟು. ಅದರ ಅಂಚನ್ನು ಶಾಫ್ಟ್‌ನ ತೋಡಿಗೆ ಚಪ್ಪಟೆ ಹೊಡೆದು ಕೂರಿಸಿರುತ್ತಾರೆ, ಬಿಚ್ಚಿಕೊಳ್ಳದೆ ಇರಲಿ ಅಂತ. ಆ ಅಂಚನ್ನು ಉಳಿಯಲ್ಲಿ ಎಬ್ಬಿಸಿ, ಚಕ್ರ ನೆಲದ ಮೇಲಿರುವಾಗಲೇ ತಂಗಿ ಬ್ರೇಕ್ ಒತ್ತಿ ಹಿಡಿದಿದ್ದಾಗ ಉದ್ದನೆಯ ರಾಡ್ ಹಾಕಿ ಸಡಿಲ ಮಾಡಿದೆ. ನನ್ನ ಕಾರಿಗೆ ಅದರ ಬಿಗಿ 200 ನ್ಯೂಟನ್ ಮೀಟರ್. ನ್ಯೂಟನ್ ಮೀಟರ್ ಅಂದರೆ ಗಾಬರಿ ಬೇಡ. 100 ನ್ಯೂಟನ್ ಮೀಟರ್ ಅಂದರೆ ಒಂದು ಮೀಟರ್ ಉದ್ದದ ಸ್ಪ್ಯಾನರ್‌ನ ತುದಿಗೆ ಸುಮಾರು 10 ಕಿಲೋ ಭಾರ ನೇತುಹಾಕಿದಷ್ಟು. ಸ್ಪ್ಯಾನರ್ ಅರ್ಧ ಮೀಟರ್ ಇದ್ದರೆ 20 ಕಿಲೋ. ಟಾರ್ಕ್ ಅನ್ನುವ ಪದದ ಅರ್ಥ ಅಷ್ಟೇ, ತಿರುಚುವ ಬಲ. ಈ ನಟ್ಟು ಇಲ್ಲದೆ ಕಾರನ್ನು ಒಂದಡಿಯೂ ಉರುಳಿಸಬೇಡಿ. ಬೇರಿಂಗನ್ನು ಎರಡು ಕಡೆಯಿಂದ ಒತ್ತಿ ಹಿಡಿದಿರುವುದೇ ಅದು.

ಗೇರ್ ಆಯಿಲ್ ಇಳಿಸಿ, ಕ್ಯಾಲಿಪರನ್ನು ತಂತಿಯಲ್ಲಿ ಸ್ಪ್ರಿಂಗ್‌ಗೆ ಕಟ್ಟಿ (ಬ್ರೇಕ್ ಹೋಸ್ ಮೇಲೆ ನೇತಾಡಿಸಬಾರದು), ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ ಬಿಡಿಸಿ, ನಕಲನ್ನು ಹೊರಗೆಳೆದು ಶಾಫ್ಟ್ ಬಿಡಿಸಿದೆ. ಬಾಲ್ ಜಾಯಿಂಟ್ ನಮ್ಮ ಸೊಂಟದ ಕೀಲಿನ ಹಾಗೆ, ಬಟ್ಟಲಲ್ಲಿ ಕೂತ ಗುಂಡು. ಶಾಫ್ಟ್ ಹಬ್‌ನಲ್ಲಿ ಅಂಟಿಕೊಂಡಿತ್ತು. ಅದರ ತುದಿಯ ಮರೆಗೆ (ನಟ್ಟು ಕೂರುವ ಸುರುಳಿ ಗೆರೆ) ನೇರ ಸುತ್ತಿಗೆ ಹೊಡೆಯದೆ, ನಟ್ಟನ್ನು ತುದಿಗೆ ಸಮವಾಗಿ ಹಾಕಿ, ಮರದ ತುಂಡು ಇಟ್ಟು ತಟ್ಟಿದೆ. ಗೇರ್‌ಬಾಕ್ಸ್ ಕಡೆಯ ತುದಿಯನ್ನು ಒಂದು ಸಣ್ಣ ಉಕ್ಕಿನ ಉಂಗುರ ಹಿಡಿದಿರುತ್ತದೆ, ಚಪ್ಪಟೆ ರಾಡ್ ಕೊಟ್ಟು ಒಮ್ಮೆ ಎಬ್ಬಿಸಿದರೆ ಟಪ್ ಅಂತ ಬಿಡುತ್ತದೆ. ಶಾಫ್ಟ್ ಹಿಡಿದು ಎಳೆಯಬೇಡಿ, ಒಳಗಿನ ಕೀಲು ಅಲ್ಲೇ ಬಿಚ್ಚಿಕೊಂಡು ಅದರ ಉರುಳೆಗಳು ಉದುರಬಹುದು.

ಮೇಜಿನ ಮೇಲಿಟ್ಟು ಬೂಟ್ ಕತ್ತರಿಸಿದೆ. ಗ್ರೀಸನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದೆ. ಬೆಣ್ಣೆಯ ಹಾಗೆ ಇರಬೇಕಾದದ್ದು ಸಣ್ಣ ಮರಳು ಕಲಸಿದ ಹಾಗಿತ್ತು. ಪೂರ್ತಿ ಒರೆಸಿ, ಕೀಲನ್ನು ಒಂದು ಪಕ್ಕಕ್ಕೆ ಬಾಗಿಸಿ ಗೋಲಿಗಳ ತೋಡಿಗೆ ಬೆಳಕು ಬಿಟ್ಟೆ. ಗೋಲಿ ಓಡಾಡುವ ಜಾಗ ಕನ್ನಡಿಯಂತೆ ಹೊಳೆಯಬೇಕು. ಎರಡು ತೋಡುಗಳಲ್ಲಿ ಹೊಳಪು ಹೋಗಿ, ಎಳ್ಳಿನ ಗಾತ್ರದ ಕುಳಿಗಳು ಸಾಲಾಗಿ ಬಿದ್ದಿದ್ದವು. ಬೆರಳಿನ ಉಗುರು ಎಳೆದರೆ ಅಲ್ಲಿ ಸಿಕ್ಕುತ್ತಿತ್ತು. ಚಕ್ರ ತಿರುಗಿಸಿದಾಗ ಭಾರ ಹೊತ್ತ ಗೋಲಿ ಆ ಕುಳಿಗೆ ಬಿದ್ದು ಏಳುವುದೇ ಟಕ್ ಟಕ್. ಅಷ್ಟು ದಿನ ಕೇಳಿದ ಸದ್ದು ಕಣ್ಣಿಗೆ ಕಂಡ ಆ ಕ್ಷಣವನ್ನು ನಾನು ಮರೆಯುವುದಿಲ್ಲ.

ಸದ್ದು ಬರುವ ಮುಂಚೆ ಬೂಟ್ ಸೀಳಿದ್ದು ನೋಡಿದ್ದರೆ ಬೂಟ್ ಮತ್ತು ಗ್ರೀಸ್ ಮಾತ್ರ ಸಾಕಿತ್ತು. ಈಗ ಹೊರಗಿನ ಕೀಲೇ ಹೊಸದು ಬೇಕು. ಆದರೆ ಪೂರ್ತಿ ಶಾಫ್ಟ್ ಬೇಕಾಗಿಲ್ಲ, ಒಳಗಿನ ಕೀಲು ಚೆನ್ನಾಗಿತ್ತು. ಕೊಳ್ಳುವಾಗ ಸ್ಪ್ಲೈನ್ ಎಣಿಸಿ, ಅಂದರೆ ಶಾಫ್ಟ್‌ನ ತುದಿಯಲ್ಲಿ ಉದ್ದಕ್ಕೆ ಕೊರೆದ ಹಲ್ಲುಗಳು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಹಿಡಿದುಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಎಷ್ಟೋ ಕಾರುಗಳಲ್ಲಿ ಕೀಲಿನ ಮೇಲೆ ಹಲ್ಲಿನ ಉಂಗುರ ಒಂದು ಇರುತ್ತದೆ, ಅದರ ಹಲ್ಲುಗಳೂ ಅಷ್ಟೇ ಇರಬೇಕು.

ಹಳೆಯ ಕೀಲನ್ನು ಹಿತ್ತಾಳೆ ತುಂಡು ಇಟ್ಟು ಹೊಡೆದು ಕಳಚಿದೆ. ಹೊಸದನ್ನು ಹಾಕುವ ಮುಂಚೆ ಸಣ್ಣ ಕ್ಲಾಂಪ್, ಬೂಟ್, ಎರಡನ್ನೂ ಶಾಫ್ಟ್‌ಗೆ ತೂರಿಸಿಕೊಳ್ಳಬೇಕು. ಕೀಲು ಕೂತ ಮೇಲೆ ಬೂಟ್ ತೂರಿಸಲು ದಾರಿಯೇ ಇಲ್ಲ. ಜೊತೆಗೆ ಬಂದ ಗ್ರೀಸ್ ಪೊಟ್ಟಣ ಪೂರ್ತಿ ಹಾಕಿದೆ, ಅರ್ಧ ಗೋಲಿಗಳ ನಡುವೆ ಬೆರಳಲ್ಲಿ ತುಂಬಿ, ಅರ್ಧ ಬೂಟ್ ಒಳಗೆ. ಇದು ಮಾಲಿಬ್ಡಿನಂ ಡೈಸಲ್ಫೈಡ್ ಬೆರೆಸಿದ ಕಪ್ಪು ಗ್ರೀಸ್, ಗೋಲಿ ಮತ್ತು ತೋಡಿನ ನಡುವಿನ ಭಾರಿ ಒತ್ತಡ ತಡೆಯುತ್ತದೆ. ಗೇರ್‌ಬಾಕ್ಸ್‌ಗೆ ಹೊಸ ಆಯಿಲ್ ಸೀಲ್, ಹೊಸ ಹಬ್ ನಟ್ಟು, ಟಾರ್ಕ್ ರೆಂಚ್‌ನಲ್ಲಿ 200ಕ್ಕೆ ಬಿಗಿ, ಅಂಚು ಮತ್ತೆ ಚಪ್ಪಟೆ. ಗೇರ್ ಆಯಿಲ್ ತುಂಬುವಷ್ಟರಲ್ಲಿ ಕತ್ತಲಾಗಿತ್ತು. ಆದರೂ ಬಲಕ್ಕೆ ಮೂರು ಸುತ್ತು ಹೊಡೆದು ನೋಡದೆ ಮಲಗಲು ಆಗಲಿಲ್ಲ. ಸದ್ದಿಲ್ಲ.

ಮೂರನೇ ಭಾನುವಾರ: ಡಬಕ್

ಇದಕ್ಕೆ ಒಂದೂವರೆ ಗಂಟೆ ಸಾಕಾಯಿತು.

ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಅಲ್ಲಿ ಆಟ, ಅಂದರೆ ಸಡಿಲ, ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಇರಲಿಲ್ಲ. ಎಡಬಲ ಹಿಡಿದು ಅಲ್ಲಾಡಿಸಿದೆ. ಅಲ್ಲಿ ಇದ್ದರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ರ‍್ಯಾಕ್. ಅಲ್ಲೂ ಇಲ್ಲ. ಲೋವರ್ ಆರ್ಮ್‌ನ ಬುಷ್ ರಬ್ಬರ್ ಬಿರುಕು ಬಿಟ್ಟಿಲ್ಲ. ಉಳಿದದ್ದು ಸ್ಟ್ರಟ್‌ನ ಪಕ್ಕದಲ್ಲಿ ನಿಂತಿರುವ ಪೆನ್ನಿನಷ್ಟು ದಪ್ಪದ ಕಡ್ಡಿ, ಲಿಂಕ್ ರಾಡ್. ಕೈಯಲ್ಲಿ ಹಿಡಿದು ಕುಲುಕಿದೆ, ಕಟ ಕಟ ಅಂತು. ಮೇಲಿನ ಪುಟ್ಟ ಗುಂಡು ತನ್ನ ಬಟ್ಟಲಲ್ಲಿ ಸಡಿಲವಾಗಿತ್ತು.

ಲಿಂಕ್ ರಾಡ್ ಸ್ಟ್ರಟ್ಟನ್ನು ಸ್ಟೆಬಿಲೈಸರ್ ಬಾರ್‌ಗೆ ಜೋಡಿಸುತ್ತದೆ. ಆ ಬಾರ್ ಎಡ ಚಕ್ರದಿಂದ ಬಲ ಚಕ್ರಕ್ಕೆ ಅಡ್ಡಲಾಗಿ ಹೋಗುವ ಉದ್ದನೆಯ ಸ್ಪ್ರಿಂಗ್ ಉಕ್ಕಿನ ಸರಳು. ತಿರುವಿನಲ್ಲಿ ಕಾರು ಒಂದು ಕಡೆ ವಾಲಿದಾಗ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋಗುತ್ತದೆ. ಸರಳು ತಿರುಚಿಕೊಳ್ಳುತ್ತದೆ, ತಿರುಚಲು ಒಪ್ಪದೆ ವಾಲುವುದನ್ನು ತಡೆಯುತ್ತದೆ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಸರಳು ತಿರುಚುವುದೇ ಇಲ್ಲ, ಜೊತೆಗೆ ಏಳುತ್ತದೆ ಅಷ್ಟೇ. ಆಗ ಲಿಂಕ್ ರಾಡ್ ಮೇಲೂ ಎಳೆತ ಇಲ್ಲ. ಅಡ್ಡ ಉಬ್ಬಿನಲ್ಲಿ ಸದ್ದು ಬರದೆ ಒಂಟಿ ಗುಂಡಿಯಲ್ಲಿ ಮಾತ್ರ ಬಂದದ್ದು ಇದಕ್ಕೇ.

ನಟ್ಟು ತಿರುಗಿಸಿದರೆ ಗುಂಡೂ ಜೊತೆಗೆ ಸುತ್ತುತ್ತದೆ. ಅದನ್ನು ಹಿಡಿಯಲು ತುದಿಯಲ್ಲಿ ಅಲೆನ್ ಕೀ ಹಾಕುವ ತೂತು ಇದೆ. ತುಕ್ಕಿಗೆ ಅದರ ಮೂಲೆಗಳು ಸವೆದು ಕೀ ಜಾರಿತು. ಹೇಗೂ ಹೊಸದು ಹಾಕುವುದು ತಾನೇ ಅಂತ ಹ್ಯಾಕ್ಸಾದಲ್ಲಿ ಕೊಯ್ದು ತೆಗೆದೆ. ಹಾಕುವಾಗ ಎರಡೂ ಮುಂದಿನ ಚಕ್ರ ಎತ್ತಿರಬೇಕು, ಒಂದನ್ನೇ ಎತ್ತಿದರೆ ಬಾರ್ ತಿರುಚಿಕೊಂಡು ತೂತಿಗೆ ತೂತು ಕೂರುವುದಿಲ್ಲ.

ಶಾಕ್ ಅಬ್ಸಾರ್ಬರ್ ಕೂಡ ನೋಡಿದೆ. ಸೋರಿಕೆ ಇಲ್ಲ. ಈ ಹೆಸರು ಮಾತ್ರ ನಮ್ಮನ್ನು ದಾರಿ ತಪ್ಪಿಸುತ್ತದೆ. ಗುಂಡಿಯ ಏಟನ್ನು ತಿನ್ನುವುದು ಸ್ಪ್ರಿಂಗ್. ಏಟು ತಿಂದ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ಹಾಯಿಸಿ ಸುಮ್ಮನಿರಿಸುವುದು ಶಾಕ್ ಅಬ್ಸಾರ್ಬರ್. ಡ್ಯಾಂಪರ್ ಅನ್ನುವ ಇನ್ನೊಂದು ಹೆಸರೇ ಅದಕ್ಕೆ ಸರಿ. ನಾವು ಬಾಯಿಗೆ ಬಂದಂತೆ ಬಳಸುವ ಇಂಥ ಹೆಸರುಗಳಿಗೆ ಒಂದೊಂದು ಕಥೆ ಇರುತ್ತದೆ. ಸ್ಟೆಪ್ನಿ ಅಂತೀವಲ್ಲ, ಅದು ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟ್‌ನಿಂದ ಬಂದದ್ದು. 1904ರಲ್ಲಿ ಅಲ್ಲಿನ ಡೇವಿಸ್ ಸಹೋದರರು ಕಾರಿಗೆ ಹೆಚ್ಚುವರಿ ಚಕ್ರ ಮಾಡಿ ಮಾರಿದರು, ಬೀದಿಯ ಹೆಸರೇ ಚಕ್ರದ ಹೆಸರಾಯಿತು. ಹಾಗೆಯೇ ನಾವು ಸೆಲ್ಫ್ ಅನ್ನುವುದು ಸ್ಟಾರ್ಟರ್ ಮೋಟಾರ್‌ಗೆ, ಡೈನಮೋ ಅನ್ನುವುದು ಹೆಚ್ಚಾಗಿ ಆಲ್ಟರ್ನೇಟರ್‌ಗೆ. ಬಿಡಿಭಾಗ ಕೇಳುವಾಗ ಎರಡೂ ಹೆಸರು ಗೊತ್ತಿದ್ದರೆ ತಪ್ಪು ಡಬ್ಬ ಮನೆಗೆ ಬರುವುದಿಲ್ಲ.

ಈಗ 600 ಕಿಲೋಮೀಟರ್ ಓಡಿದೆ. ಮೊದಲ 100 ಕಿಲೋಮೀಟರ್ ಆದಾಗ ಚಕ್ರದ ನಟ್ಟುಗಳ ಬಿಗಿ ಮತ್ತೆ ನೋಡಿದ್ದೆ. ನಿನ್ನೆ ಚಕ್ರ ತೆಗೆದು ಪ್ಯಾಡ್ ಅಳೆದೆ, ಒಳಗಿನದು ಹೊರಗಿನದು ಎರಡೂ ಒಂದೇ ಸಮ ಇವೆ. ಎಡ ರಿಮ್ ಬಲ ರಿಮ್ ಮುಟ್ಟಿದರೆ ಬಿಸಿಯೂ ಒಂದೇ ಥರ. ಬಲಗಡೆಯ ಸಿವಿ ಬೂಟನ್ನು ಬೆರಳಲ್ಲಿ ಅಗಲಿಸಿ ನೋಡಿದಾಗ ಮಡಿಕೆಯ ತಳದಲ್ಲಿ ಸಣ್ಣ ಬಿರುಕು ಕಂಡಿತು. ಗ್ರೀಸ್ ಇನ್ನೂ ಹೊರಗೆ ಬಂದಿಲ್ಲ, ಸದ್ದೂ ಇಲ್ಲ. ಈ ಸಲ ಬೂಟ್ ಮಾತ್ರ ಸಾಕು, ತಂದಿಟ್ಟಿದ್ದೇನೆ. ಬರುವ ಭಾನುವಾರ ಪೆಡಲ್ ಮೇಲೆ ಕೂರಲು ತಂಗಿಯನ್ನು ಒಪ್ಪಿಸಬೇಕು.